ಎರಡು ಕಾಲಿನ ಬಿಗಿ

ಮಗಳನ್ನು ಸೆಕ್ಟರ್ ಫೈವ್‌ನ ಆಫೀಸಿಗೆ ನಾನೇ ಕಾರಿನಲ್ಲಿ ಬಿಡಬೇಕೆಂಬುದು ನಮ್ಮ ಮನೆಯ ಕಾನೂನು. ಮಗಳ ಅಭಿಪ್ರಾಯವನ್ನು ಕಾನೂನು ಕೇಳುವುದಿಲ್ಲ. ಮೊನ್ನೆ ದಾರಿಯಲ್ಲಿ ಟೈರು ಕೂತಿತು. ಗ್ಯಾರೇಜಿನವನು ಚಕ್ರ ಬಿಚ್ಚುವಾಗ ‘ಟಕ್’ ಎಂದು ನಟ್ಟು ಅರ್ಧ ಬೋಲ್ಟಿನ ಸಮೇತ ಬಿತ್ತು. ಆ ಸದ್ದು ನನಗೆ ಹಳೆಯ ನೆಂಟ.

ಕಾಲೇಜಿನ ದಿನಗಳಲ್ಲಿ ನಾನು ಇದೇ ಊರಿನ ಬಾಲಿಗಂಜಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಬ್ಯಾಂಕ್ ಮ್ಯಾನೇಜರು, ಉಡುಪಿ ಕಡೆಯವರು. ಕೆಂಬಾವುಟದ ಸರ್ಕಾರದ ಆ ವರ್ಷಗಳಲ್ಲಿ ಟ್ರಾಮು, ಅಂಗಡಿ, ಆಫೀಸು ಎಲ್ಲವೂ ಬಂದ್ ಆಗುತ್ತಿದ್ದವು. ಭಾವನ ಭಾನುವಾರದ ನಟ್ಟುಸೇವೆ ಮಾತ್ರ ಎಂದೂ ಬಂದ್ ಆಗಲಿಲ್ಲ. ಸ್ನಾನ, ಜಪ ಮುಗಿಸಿ ಅಂಬಾಸಡರಿಗೆ ಪ್ರದಕ್ಷಿಣೆ ಬಂದು, ಒಂದೊಂದು ನಟ್ಟಿಗೂ ಸ್ಪ್ಯಾನರ್ ಸಿಕ್ಕಿಸಿ, ಅದರ ಮೇಲೆ ಎರಡೂ ಕಾಲಿಟ್ಟು ಕುಣಿಯುತ್ತಿದ್ದರು. ಯಕ್ಷಗಾನ ಸಿಗದ ಊರಿನಲ್ಲಿ ನಮಗೆ ಅಷ್ಟೇ ಭಾಗ್ಯ.

“ಅಷ್ಟು ಬಿಗಿ ಯಾಕೆ ಭಾವ?”

“ಸಡಿಲ ಬಿಟ್ರೆ ಯಾವುದೂ ಕೈಯಲ್ಲಿ ಉಳಿಯುದಿಲ್ಲ.”

ಆ ‘ಯಾವುದೂ’ವಿನಲ್ಲಿ ಅಕ್ಕನೂ ಸೇರಿದ್ದಳು. ಅವಳು ಒಬ್ಬಳೇ ಬಸ್ಸು ಹತ್ತುವಂತಿರಲಿಲ್ಲ.

ಅವಳಿಗೆ ಗಾರ್ಡನ್ ರೀಚಿನ ಶಾಲೆಯೊಂದರಿಂದ ಟೀಚರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಎಷ್ಟೋ ವರ್ಷದಿಂದ ಕಾದಿದ್ದ ಕರೆ. “ನಾನೇ ಬಿಡ್ತೇನೆ, ಬಸ್ಸನ್ನು ನಂಬ್ಲಿಕ್ಕಾಗುದಿಲ್ಲ” ಎಂದರು ಭಾವ. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಅರ್ಧದಾರಿಯಲ್ಲಿ ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಇತ್ತು. ನಟ್ಟುಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಭಾವ ಸ್ಪ್ಯಾನರ್ ಹತ್ತಿ ಕುಣಿದರು. ಟಕ್. ಒಂದು ಬೋಲ್ಟು ತುಂಡಾಯಿತು. ಪಕ್ಕದ್ದರ ಥ್ರೆಡ್ಡು ಸವೆದು ನುಣ್ಣಗಾಗಿತ್ತು. ಭಾವ ರಸ್ತೆಯಲ್ಲೇ ಕೂತು ತಪಾಸಣೆ ಶುರುಮಾಡಿದರು: ಉಳಿದ ಬೋಲ್ಟು ಬಿಗಿಗೆ ಎಳೆದು ಉದ್ದವಾಗಿದೆಯೇ, ರಿಮ್ಮಿನ ತೂತಿನ ಸುತ್ತ ಬಿರುಕಿದೆಯೇ. ಹೆಣ್ಣು ನೋಡಲು ಬಂದಾಗ ಅಕ್ಕನನ್ನೂ ಅವರು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸುತ್ತ ಸೇರಿದವರಲ್ಲೊಬ್ಬ ಹಿಂದಿಯಲ್ಲಿ ಕೇಳಿದ, “ದಾದಾ, ಚಕ್ರ ಓಡಿಹೋಗ್ತದೆ ಅಂತ ಹೆದರಿಕೆಯಾ?”

ಅಕ್ಕ ಗಡಿಯಾರ ನೋಡಿದಳು. “ನೀವು ನೋಡ್ತಾ ಇರಿ ಮಾರಾಯ್ರೆ, ನಾನು ಹೋಗಿ ಬರ್ತೇನೆ” ಎಂದವಳೇ ಎದುರಿಗೆ ಬಂದ ಬಸ್ಸಿಗೆ ಕೈಮಾಡಿ ಹತ್ತಿಬಿಟ್ಟಳು.

“ಚಿಲ್ಲರೆ ಉಂಟಾ?” ಭಾವ ಕೂಗಿದರು. ಉತ್ತರವನ್ನು ಬಸ್ಸು ಒಯ್ದಿತು.

ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅಕ್ಕ ಬಸ್ಸಿನಲ್ಲೇ ಹೋಗಿಬಂದಳು. ಭಾವ ಹೊಸ ಬೋಲ್ಟು ಹಾಕಿಸಿದರು, ಭಾನುವಾರದ ಸೇವೆಯನ್ನೂ ಬಿಡಲಿಲ್ಲ. ಆದರೆ ಒಂದೇ ಕಾಲಿನಲ್ಲಿ.

“ಎಲ್ಲಾ ಬಿಚ್ಚಿ ನೋಡಬೇಕು, ಮಾಶಿಮಾ” ಎಂದ ಮೊನ್ನೆಯ ಗ್ಯಾರೇಜಿನವನು, ನನ್ನನ್ನು ಚಿಕ್ಕಮ್ಮನಾಗಿಸಿ. ಮಗಳು ಬ್ಯಾಗು ಹೆಗಲಿಗೇರಿಸಿ ನನ್ನ ಮುಖ ನೋಡಿದಳು. “ಅಮ್ಮಾ, ಲೇಟ್ ಆಗ್ತಿದೆ. ನಾನು ಮೆಟ್ರೋದಲ್ಲಿ ಹೋಗ್ಲಾ?”

ಕಾನೂನು ಬಾಯಿ ತೆರೆಯಿತು. ಆದರೆ ಹೊರಬಿದ್ದದ್ದು ಬೇರೆ ಮಾತು.

“ಚಿಲ್ಲರೆ ಉಂಟಾ?”