ಕಂಬ ಹಿಡಿದ ಕೈ

ನಾನು ಕಾಲೇಜಿನಲ್ಲಿ ಚುರುಕಾಗಿ ಓಡುತ್ತಿದ್ದೆ ಎನ್ನುವುದಕ್ಕೆ ಇದ್ದ ಸಾಕ್ಷಿ ಒಂದೇ ಒಂದು ಫೋಟೋ. ಅದರಲ್ಲಿ ಒಬ್ಬ ಹುಡುಗಿ ಖೋಖೋ ಅಂಕಣದ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯೆಲ್ಲ ಹೊರಗೆ ಚಾಚಿ, ಗಿರ್ರನೆ ತಿರುಗುತ್ತಿದ್ದಾಳೆ. ಮುಖ ಕಾಣುವುದಿಲ್ಲ. ಗಾಳಿಯಲ್ಲಿ ಅಡ್ಡವಾಗಿ ನಿಂತ ಜಡೆ ಮಾತ್ರ ಕಾಣುತ್ತದೆ. ಹಾಸ್ಟೆಲ್ ಗೆಳತಿಯರ ವಾಟ್ಸಾಪ್ ಗುಂಪಿಗೆ ಅದು ಬಂದ ದಿನ ಆ ಜಡೆ ತನ್ನದೆಂದು ಮೂವರು ಹೇಳಿಕೊಂಡರು. ಆ ಮೂವರಲ್ಲಿ ನಾನೂ ಒಬ್ಬಳು.

ನಾನು ಧಾರವಾಡದಲ್ಲಿ ಇತಿಹಾಸ ಎಂ.ಎ. ಓದಿದವಳು. ಒಂದೇ ಆಕರವನ್ನು ನಂಬಬಾರದು, ತನ್ನನ್ನು ತಾನೇ ಹೊಗಳಿಕೊಳ್ಳುವ ಆಕರವನ್ನಂತೂ ನಂಬಲೇಬಾರದು ಎಂದು ಅಲ್ಲಿ ಕಲಿಸಿದ್ದರು. ಹಾಗಿದ್ದರೂ ಗುಂಪಿನಲ್ಲಿ ಎರಡು ದಿನ ಜಗಳವಾಡಿದೆ. ಆಮೇಲೆ ಡೈರಿ ಬರೆಯಲು ಕೂತಾಗ ಸಂಶಯ ಬಂತು. ನನಗೆ ನೆನಪಿರುವುದು ಕಂಬವೋ, ಕಂಬದ ಫೋಟೋವೋ?

ಗಲ್ಫಿನಲ್ಲಿ ಇರುವವರೆಲ್ಲ ಊರಿನಲ್ಲಿ ಏನೋ ಒಂದು ಆಗಿದ್ದವರೇ. ನಮ್ಮ ಆಫೀಸಿನ ಡ್ರೈವರ್ ಜಿಲ್ಲಾ ಮಟ್ಟದ ಗಾಯಕನಾಗಿದ್ದ. ಮೇಲಿನ ಮಹಡಿಯವರು ರಾಜ್ಯ ತಂಡಕ್ಕೆ ಸ್ವಲ್ಪದರಲ್ಲೇ ತಪ್ಪಿಹೋದ ಬೌಲರ್. ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ಹೀಗಾಗಿ ಮದೀನತ್ ಖಲೀಫಾ ಬಡಾವಣೆಯ ನಮ್ಮ ಕಾಂಪೌಂಡಿನಲ್ಲಿ ಎದುರು ವಿಲ್ಲಾದ ಆಸ್ಟ್ರೇಲಿಯಾದ ಹೆಂಗಸಿಗೆ, ನಾನೂ ಒಂದು ಕಾಲದಲ್ಲಿ ಓಡುತ್ತಿದ್ದೆ ಎಂದು ಗೇಟಿನ ಹತ್ತಿರ ನಿಂತು ಹೇಳಿದಾಗ, ಅವಳೂ ತಲೆಯಾಡಿಸಿ ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಹೋಗಲಿಲ್ಲ. ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದ ಅವಳು ಸಂಜೆ ಹೊತ್ತು ತನ್ನ ದೇಶದ ಫುಟ್ಬಾಲಿನ ಒಂದು ಹೆಂಗಸರ ತಂಡಕ್ಕೆ ಕೋಚ್ ಆಗಿದ್ದಳು. ತಂಡಕ್ಕೆ ಜನ ಸಾಲದು, ಸೋಮವಾರ ಮೈದಾನಕ್ಕೆ ಬಾ ಎಂದಳು.

ಆ ಆಟದ ಹೆಸರು ಫುಟ್ಬಾಲ್ ಆದರೂ ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಹಿಡಿದುಕೊಂಡು ಓಡಬಹುದು, ಆದರೆ ದೂರ ಓಡುವುದಾದರೆ ನಡುನಡುವೆ ನೆಲಕ್ಕೆ ಪುಟಿಸಬೇಕು. ಗೆಳತಿಗೆ ಕೊಡಬೇಕಾದರೆ ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬೇಕು. ಚೆಂಡು ದೊಡ್ಡ ಮೊಟ್ಟೆಯ ಆಕಾರದ್ದು, ಮೈದಾನವೂ ಮೊಟ್ಟೆಯ ಆಕಾರದ್ದೇ. ಎದುರಾಳಿಗಳು ಯಾವ ದಿಕ್ಕಿನಿಂದ ಬೇಕಾದರೂ ಬಂದು ಹಿಡಿದು ಕೆಡವಬಹುದು. ಮೊದಲ ವಾರ ನನಗೆ ತಿಳಿದದ್ದು ಈ ಕೊನೆಯ ನಿಯಮ ಒಂದೇ.

ಆಟ ಕಲಿಯುತ್ತಾ ಕಲಿಯುತ್ತಾ ಚಳಿಗಾಲ ಬಂತು. ಮಸ್ಕತ್ತಿನಿಂದ ಒಂದು ತಂಡ ಆಡಲು ಬರುವುದೆಂದು ನಿಶ್ಚಯವಾಯಿತು. ನಮ್ಮ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕೆ ನಾವು ನಾಲ್ವರು ಕಾಯುತ್ತಿದ್ದೆವು. ನಾನೇ ಎಲ್ಲರಿಗಿಂತ ದೊಡ್ಡವಳು, ನಲವತ್ತರ ಹತ್ತಿರದವಳು. ಕೋಚ್ ಯಾರ ಮುಖವನ್ನೂ ನೋಡದೆ ಹೇಳಿದಳು: ಓಟದ ಟೆಸ್ಟ್ ಇಡುತ್ತೇನೆ, ತಂಡದವರೆಲ್ಲ ಓಡಬೇಕು, ಜಾಗ ಯಾರಿಗೆಂದು ಗಡಿಯಾರ ಹೇಳುತ್ತದೆ. ಎರಡು ಓಟ. ಮೊದಲನೆಯದು ನೇರ ಓಟ. ಎರಡನೆಯದು ನೆಟ್ಟ ಕಂಬಗಳ ನಡುವೆ ಹಾವಿನ ಹಾಗೆ ಸುತ್ತಿ ಬರುವುದು. ಅವಳ ದೇಶದಲ್ಲಿ ಆಟಗಾರರನ್ನು ಆರಿಸುವಾಗ ಹೀಗೇ ಅಳೆಯುತ್ತಾರಂತೆ.

ಊರಿನಿಂದ ದೂರದ ಮೆಸಯೀದ್‌ನ ಪ್ಲಾಂಟಿನಿಂದ ಕಂಪನಿ ಬಸ್ಸಿನಲ್ಲಿ ದಣಿದು ಬಂದ ನನ್ನ ಗಂಡ ಇದನ್ನೆಲ್ಲ ಕೇಳಿ, ಶೂ ಬಿಚ್ಚುತ್ತಾ ಅಂದ: "ಓಡು, ಬ್ಯಾಡ ಅಂದವರ್ಯಾರು. ಆದ್ರ ಕಾಲ ಮುರಕೊಂಡ್ರ, ನಾ ಮೆಸಯೀದ್‌ನಿಂದ ಬರೋದ್ರಾಗ ನಿಂಗ ಪ್ಲಾಸ್ಟರ್ ಹಾಕಿ ಮುಗಿಸಿರ್ತಾರ."

ನಗು ಬಂತು, ಆದರೆ ನನಗೆ ಹೆದರಿಕೆ ಕಾಲಿನದಾಗಿರಲಿಲ್ಲ. ಇಷ್ಟು ವರ್ಷ ಗಂಡನಿಗೆ, ಮಕ್ಕಳಿಗೆ, ಆಫೀಸಿನವರಿಗೆ ಹೇಳಿಕೊಂಡು ಬಂದ ಮಾತನ್ನು ಈಗ ಒಂದು ಯಂತ್ರ ಪರೀಕ್ಷೆ ಮಾಡಲಿತ್ತು. ಜಾಗ ಸಿಗದಿದ್ದರೆ ಹೋಗಲಿ. ನಾನು ಎಂದೂ ಚುರುಕಾಗಿರಲೇ ಇಲ್ಲ ಎಂದಾದರೆ?

ಟೆಸ್ಟಿನ ದಿನ ನನ್ನನ್ನು ಕರೆದುಕೊಂಡು ಹೋದವಳು ಆಫೀಸಿನ ಗೆಳತಿ. ಉಡುಪಿ ಕಡೆಯವಳು, ಮನೆಮಾತು ಕೊಂಕಣಿ, ಬಿನ್ ಮಹಮೂದ್‌ನಲ್ಲಿ ಮನೆ. ಅವಳು ಆಡುವುದಿಲ್ಲ. ನಾವು ಆಡುವಷ್ಟು ಹೊತ್ತು ಮೈದಾನದ ಸುತ್ತ ವಾಕಿಂಗ್ ಮಾಡುತ್ತಾಳೆ. ಆಫೀಸಿನಲ್ಲಿ ಯಾರು ಯಾವತ್ತು ಎಷ್ಟು ತಡವಾಗಿ ಬಂದರೆನ್ನುವುದು ಅವಳಿಗೆ ಬಾಯಿಪಾಠ. ಅದು ಕೋಚ್‌ಗೆ ಹೇಗೆ ಗೊತ್ತಾಯಿತೋ, ಸ್ಟಾಪ್‌ವಾಚನ್ನು ಅವಳ ಕೈಗೇ ಕೊಟ್ಟಳು.

ಸಂಜೆಯ ಮಗ್ರಿಬ್ ಬಾಂಗ್ ಮುಗಿದು ಮೈದಾನದ ದೀಪಗಳು ಹತ್ತಿಕೊಂಡವು. ನೇರ ಓಟ ಮೊದಲು. ಐರ್ಲೆಂಡಿನ ಒಬ್ಬ ನರ್ಸ್ ನಮ್ಮ ತಂಡದಲ್ಲಿದ್ದಳು. ಅವಳು ಓಡಿದರೆ ಯಾರೋ ದಾರ ಕಟ್ಟಿ ಎಳೆದ ಹಾಗೆ. ಅತ್ತಿತ್ತ ಅಲುಗಾಟವಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಆ ತುದಿಯಲ್ಲಿರುತ್ತಿದ್ದಳು. ನನ್ನ ಸರದಿ ಬಂತು. ಓಡುವಾಗ ಗಾಳಿ ಕಿವಿಗೆ ಬಡಿಯಿತು, ಹಿಂದೆ ಬಡಿಯುತ್ತಿದ್ದಂತೆಯೇ ಬಡಿಯಿತು ಎನಿಸಿತು. ಗಡಿಯಾರ ನೋಡಿದರೆ ನನ್ನ ಹಿಂದೆ ಇದ್ದದ್ದು ಒಬ್ಬಳೇ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಿದವಳು.

ಹುಲ್ಲಿನ ಮೇಲೆ ಕೂತು ನೀರು ಕುಡಿದೆ. ಕಾಲೇಜಿನಲ್ಲಿ ನನ್ನನ್ನು ಬೆನ್ನಟ್ಟಿದವರೇ ನಿಧಾನವಾಗಿದ್ದಿರಬಹುದು. "ಇವಳ ಕಾಲಾಗ ಚಕ್ರ ಅದಾವ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಅವ್ವನೂ ಒಂದು ಆಕರವೇ, ಅದೂ ಮಗಳ ಪರವಾದ ಆಕರ. ಫೋಟೋದ ಜಡೆ ಬಹುಶಃ ಉಳಿದಿಬ್ಬರಲ್ಲಿ ಒಬ್ಬಳದೇ.

ಅಷ್ಟರಲ್ಲಿ ಕಂಬಗಳನ್ನು ನೆಟ್ಟರು. ಬಿಳಿ ಪ್ಲಾಸ್ಟಿಕ್ಕಿನವು, ಕೆಳಗೆ ರಬ್ಬರಿನ ಬಿಲ್ಲೆ. ಸುತ್ತಿ ಸುತ್ತಿ ಹೋಗಬೇಕು, ಕಂಬಕ್ಕೆ ಮೈ ತಾಗಿದರೆ ಆ ಓಟ ಖಲಾಸ್. ಒಬ್ಬೊಬ್ಬರಿಗೆ ಎರಡು ಸಲ ಅವಕಾಶ, ಚೆನ್ನಾಗಿ ಓಡಿದ್ದೇ ಲೆಕ್ಕ. ನರ್ಸ್ ಇಲ್ಲಿ ಸ್ವಲ್ಪ ಕಷ್ಟಪಟ್ಟಳು. ಪ್ರತಿ ಕಂಬವನ್ನೂ ದಾಟಿ ಮುಂದಕ್ಕೆ ಹೋಗಿ, ಅಲ್ಲಿಂದ ತಿರುಗಿ ಬರುತ್ತಿದ್ದಳು. ಆದರೂ ಅವಳದೇ ಎಲ್ಲರಿಗಿಂತ ಕಡಿಮೆ ಸಮಯ.

ನಾನು ಹೊರಟೆ. ಮೊದಲ ಕಂಬ ಹತ್ತಿರ ಬಂತು. ಆಮೇಲೆ ಏನಾಯಿತೆಂದು ನನಗಿಂತ ನೋಡಿದವರು ಚೆನ್ನಾಗಿ ಹೇಳುತ್ತಾರೆ. ನನ್ನ ಬಲಗೈ ಹೋಗಿ ಕಂಬವನ್ನು ಹಿಡಿಯಿತು. ಮೈ ಹೊರಗೆ ಚಾಚಿಕೊಂಡಿತು. ಖೋಖೋದಲ್ಲಿ ಬೆನ್ನಟ್ಟುವವಳು ಕಂಬದ ಹತ್ತಿರ ಮಾಡುವುದು ಅದನ್ನೇ: ಹಿಡಿದು, ಅದರ ಆಧಾರದಲ್ಲಿ ತಿರುಗಿ, ವೇಗ ಕಳೆದುಕೊಳ್ಳದೆ ಇನ್ನೊಂದು ಕಡೆಗೆ ಹೊರಡುವುದು. ಆ ಕಂಬ ನೆಲದಲ್ಲಿ ಭದ್ರವಾಗಿ ಹೂತಿರುತ್ತದೆ. ಇದು ಬಿಲ್ಲೆಯಿಂದ ಕಿತ್ತುಕೊಂಡು ನನ್ನ ಜೊತೆಗೇ ಬಂತು. ಕೋಲಾಟಕ್ಕೆ ಹೊರಟವಳಂತೆ ಕಂಬ ಹಿಡಿದು ನಾನು ಹುಲ್ಲಿನ ಮೇಲೆ ಕೂತಿದ್ದೆ.

ಎಲ್ಲರೂ ನಕ್ಕರು. ಗೆಳತಿ ವಾಚ್ ಹಿಡಿದುಕೊಂಡೇ ಬಂದಳು. "ಎಂತ ಮಾರಾಯ್ತಿ ನೀನು, ಓಡಿ ಬಾ ಅಂದ್ರೆ ಕಂಬ ಕಿತ್ಕೊಂಡು ಬರುದಾ?"

ನಾನೂ ನಕ್ಕೆ. ಆದರೆ ಕಂಬವನ್ನು ಹಿಂದಕ್ಕೆ ಕೊಡುವಾಗ ಅಂಗೈ ನೋಡಿಕೊಂಡೆ. ಆ ಕೈಯನ್ನು ಕಂಬದತ್ತ ನಾನು ಕಳಿಸಿರಲಿಲ್ಲ. ಅವ್ವ ಹೇಳಿದ ಕಥೆ, ಗೆಳತಿಯರು ಹೇಳಿದ ಕಥೆ, ನಾನೇ ಬೆಳೆಸಿದ ಕಥೆ ಎಲ್ಲವೂ ಬಾಯಿಂದ ಕಿವಿಗೆ ಬಂದವು. ಕೈ ಅವನ್ನು ಕೇಳಿಸಿಕೊಂಡಿರಲಿಲ್ಲ. ಕಂಬ ಕಂಡಾಗ ಅದು ತನಗೆ ಗೊತ್ತಿದ್ದನ್ನು ಮಾಡಿತು, ಅಷ್ಟೇ. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿದ, ನಾನು ತಿದ್ದಲಾಗದ ಮೊದಲ ಸಾಕ್ಷಿ ಅದು. ಅದರಿಂದ ಸಾಬೀತಾಗುವುದು ನಾನು ಕಂಬ ಹಿಡಿದು ತಿರುಗುತ್ತಿದ್ದೆ ಎಂದಷ್ಟೇ ಎಂಬುದೂ ಹೊಳೆಯಿತು. ಹಿಡಿದವರೆಲ್ಲ ಚುರುಕಾಗಿದ್ದರೆಂದಲ್ಲ. ಇನ್ನು ಉಳಿದದ್ದು ಒಂದೇ ಅವಕಾಶ, ಮತ್ತು ಕೈ ಮತ್ತೆ ಹೋಗುವುದಿಲ್ಲ ಎಂಬ ಭರವಸೆ ನನಗಿರಲಿಲ್ಲ.

ಅದನ್ನು ಗೆಳತಿಗೆ ಹೇಳಿದೆ. ಅವಳು ಹೆಚ್ಚು ಯೋಚಿಸಲಿಲ್ಲ.

"ಕೈಗೆ ಎಂತಾದ್ರೂ ಕೆಲಸ ಕೊಡು. ಚೆಂಡು ಹಿಡ್ಕೊಂಡು ಓಡು."

ಕೋಚ್‌ನ ಕೇಳಿದೆ. ಚೆಂಡಿದ್ದರೆ ಕಷ್ಟ ಹೆಚ್ಚೇ ಹೊರತು ಕಡಿಮೆಯಲ್ಲ, ನಿನ್ನಿಷ್ಟ ಎಂದು ಭುಜ ಹಾರಿಸಿದಳು. ಎರಡೂ ಕೈಗಳಲ್ಲಿ ಚೆಂಡನ್ನು ಎದೆಗೆ ಒತ್ತಿ ಹಿಡಿದು ಹೊರಟೆ.

ಈ ಸಲ ಮೊದಲ ಕಂಬ ಬಂದಾಗ ಕೈ ಚೆಂಡನ್ನೇ ಬಿಗಿಯಾಗಿ ಹಿಸುಕಿತು, ಉಳಿದ ಮೈ ತನ್ನ ಕೆಲಸ ಮಾಡಿತು. ಕಂಬ ತಲುಪಿದ ಮೇಲೆ ತಿರುಗಲು ಯೋಚಿಸಿದರೆ ತಡವಾಯಿತು. ಅದಕ್ಕೂ ಒಂದೆರಡು ಹೆಜ್ಜೆ ಮೊದಲೇ ಸೊಂಟ ಕೆಳಗಿಳಿಯಬೇಕು, ಹೊರಗಿನ ಪಾದ ಊರಬೇಕು, ತಲೆ ಮುಂದಿನ ಕಂಬದ ಕಡೆಗೆ ಹೊರಳಿರಬೇಕು. ಇದನ್ನೆಲ್ಲ ಈಗ ಬರೆಯುವಾಗ ವಿಂಗಡಿಸಿ ಹೇಳುತ್ತಿದ್ದೇನೆ, ಆಗ ಯಾವುದೂ ಗೊತ್ತಾಗಲಿಲ್ಲ. ಭುಜದ ಪಕ್ಕದಲ್ಲಿ ಬಿಳಿ ಕಂಬಗಳು ಒಂದಾದ ಮೇಲೊಂದು ಸರಿದುಹೋದದ್ದಷ್ಟೇ ಗೊತ್ತು. ಒಂದೂ ಅಲುಗಲಿಲ್ಲ.

ನಿಂತು ಹಿಂತಿರುಗಿದರೆ ಗೆಳತಿ ವಾಚನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದಳು. ಕೋಚ್ ಬಂದು ನೋಡಿದಳು. ಇಷ್ಟು ಕಡಿಮೆ ಸಮಯ ಸಾಧ್ಯವಿಲ್ಲ, ಒತ್ತುವುದರಲ್ಲಿ ತಪ್ಪಾಗಿದೆ ಎಂದಳು. ಗೆಳತಿಗೆ ಸಿಟ್ಟು ಬಂತು, ಆದರೆ ಅವಳಿಗೂ ಸಂಶಯವಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಕೋಚ್ ನನ್ನನ್ನು ಇನ್ನೊಮ್ಮೆ ಓಡಲು ಕೇಳಿಕೊಂಡಳು. ಈ ಸಲ ವಾಚ್ ಅವಳ ಕೈಯಲ್ಲಿ. ಜೊತೆಗೆ ನರ್ಸ್ ತನ್ನ ಮೊಬೈಲಿನಲ್ಲಿಯೂ ಸಮಯ ನೋಡುವುದೆಂದಾಯಿತು.

ಓಡುವ ಗೆರೆಗೆ ಹಿಂತಿರುಗಿ ನಡೆಯುವಷ್ಟು ಹೊತ್ತು ಈಗ ತಾನೇ ಮುಗಿದ ಓಟವನ್ನು ನೆನೆಯಲು ನೋಡಿದೆ. ಆಗಲೇ ಅದು ಕಥೆಯಾಗತೊಡಗಿತ್ತು. ನೆನಪಿಗೆ ಇಷ್ಟೇ ಹೊತ್ತು ಸಾಕು. ಹಾಗಾಗಿ ನೆನೆಯುವುದನ್ನು ಬಿಟ್ಟು ಚೆಂಡು ಹಿಡಿದುಕೊಂಡೆ.

"ಯಲ್ಲಾ," ಎಂದಳು ಕೋಚ್, ಹೊರಡು ಎಂಬುದಕ್ಕೆ ಇಲ್ಲಿಯವರು ಅನ್ನುವಂತೆ.

ಓಡಿದೆ. ಆ ತುದಿಯಲ್ಲಿ ನಿಂತು ಹಿಂತಿರುಗಿದೆ. ಕೋಚ್ ನರ್ಸ್‌ನ ಮೊಬೈಲ್ ನೋಡಿದಳು, ನರ್ಸ್ ಕೋಚ್‌ನ ವಾಚ್ ನೋಡಿದಳು. ಆಮೇಲೆ ಕೋಚ್ ವಾಚನ್ನು ನನ್ನ ಕಡೆಗೆ ತಿರುಗಿಸಿ ಹಿಡಿದಳು. ಅದರಲ್ಲಿದ್ದ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿಸಲ ಯಾರಿಗಾದರೂ ಹೇಳುವಾಗ ಅದು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ಇಷ್ಟು ಮಾತ್ರ ನಿಜ: ಆ ಸಂಜೆ ಆ ಮೈದಾನದಲ್ಲಿ ಅದಕ್ಕಿಂತ ಬೇಗ ಯಾರೂ ಆ ಕಂಬಗಳನ್ನು ಸುತ್ತಲಿಲ್ಲ, ದಾರ ಕಟ್ಟಿ ಎಳೆದಂತೆ ಓಡುವ ಆ ನರ್ಸ್ ಕೂಡ. ಅವಳೇ ಮೊದಲು ಬಂದು ನನ್ನನ್ನು ಅಪ್ಪಿಕೊಂಡಳು.

"ನನ್ನ ಬೆರಳು ಸರಿ ಇತ್ತು ಅಲ್ವಾ," ಎಂದು ಗೆಳತಿ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದಳು.

ಆಮೇಲೆ ಕರಕ್ ಚಹಾ ಕುಡಿಯುತ್ತಾ ನಿಂತಾಗ, ಇದನ್ನು ಎಲ್ಲಿ ಕಲಿತೆ ಎಂದು ಕೋಚ್ ಕೇಳಿದಳು. ಖಾಲಿ ಲೋಟಗಳನ್ನು ಗೆಳತಿಯ ಕಾರಿನ ಬಾನೆಟ್ ಮೇಲೆ ಸಾಲಾಗಿ ಇಟ್ಟು ಖೋಖೋ ವಿವರಿಸಿದೆ. ಇವರು ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕೂತವರು. ಬೆನ್ನಟ್ಟುವವಳು ಹಿಂದಕ್ಕೆ ತಿರುಗುವ ಹಾಗಿಲ್ಲ, ದಣಿದರೆ ಕೂತವಳ ಬೆನ್ನು ಮುಟ್ಟಿ "ಖೋ" ಅನ್ನಬೇಕು, ಆಗ ಅವಳೆದ್ದು ಓಡುತ್ತಾಳೆ. ಕೋಚ್ ಲೋಟಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕಾರಿನ ಡಿಕ್ಕಿಯಿಂದ ತೋಳಿಲ್ಲದ ತಂಡದ ಅಂಗಿಯೊಂದನ್ನು ತೆಗೆದು ನನ್ನ ಹೆಗಲ ಮೇಲೆ ಹಾಕಿದಳು.

ಗಂಡನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವನು ಅಂದ:

"ಅಂದ್ರ ನೀ ಖರೇನ ಓಡ್ತಿದ್ದಿ?"

"ಮತ್ತ ನಾ ಸುಳ್ಳ ಹೇಳ್ತಿದ್ದೆ ಅಂದ್ಕೊಂಡಿದ್ದೇನು?"

"ಸುಳ್ಳ ಅಂತಲ್ಲ. ಮಂದಿ ಹೇಳ್ತಾರಲ್ಲ, ಹಂಗ ಅನ್ಕೊಂಡಿದ್ದೆ."

ಸಿಟ್ಟು ಬರಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆನಲ್ಲ.

ಪಂದ್ಯ ಒಂದು ಶುಕ್ರವಾರ ಬೆಳಿಗ್ಗೆ ನಡೆಯಿತು. ಗಂಡ ಪ್ಲಾಂಟಿನಿಂದ ಬಾಗಲಕೋಟೆ, ಗದಗ ಕಡೆಯ ನಾಲ್ಕೈದು ಜನರನ್ನು ಕರೆತಂದಿದ್ದ. ಆಟ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಯಾರ ಪರ ಕೂಗಬೇಕೆಂದು ಗೊತ್ತಿತ್ತು. ಮಸ್ಕತ್ತಿನವರೆಲ್ಲ ಎತ್ತರದ ಆಳುಗಳು. ಕೋಚ್ ನನ್ನನ್ನು ಇಳಿಸಿದ್ದು ಆಟ ಮುಗಿಯುವ ಹೊತ್ತಿಗೆ, ಆಗ ನಾವು ಸ್ವಲ್ಪ ಹಿಂದಿದ್ದೆವು. ಎಲ್ಲರೂ ದಣಿದಾಗ ತಿರುಗುವವಳು ಬೇಕು ಎಂದು ಬೆನ್ನು ತಟ್ಟಿ ಕಳಿಸಿದಳು.

ಚೆಂಡು ನೆಲದಲ್ಲಿ ಎತ್ತೆತ್ತಲೋ ಪುಟಿಯುತ್ತಾ ನನ್ನ ಹತ್ತಿರ ಬಂತು. ಎತ್ತಿಕೊಂಡು ನೋಡಿದರೆ ಮೂರು ಕಡೆಯೂ ಅವರೇ. ಎಡಕ್ಕೆ ವಾಲಿದೆ, ಎದುರಿನವಳು ಎಡಕ್ಕೆ ಬಂದಳು, ನಾನು ಬಲಕ್ಕೆ ಹೋದೆ. ಇನ್ನೊಬ್ಬಳು ಚಾಚಿದ ಕೈ ಅಂಗಿಯ ಅಂಚಿಗೆ ತಾಗಿ ಜಾರಿತು. ಅವರ ನಡುವಿಂದ ಹೊರಗೆ ಬಂದಾಗ ಹಿಂದಿನಿಂದ ನರ್ಸ್‌ನ ಹೆಜ್ಜೆಯ ಸದ್ದು ಕೇಳಿಸಿತು. ಮುಂದೆ ಉಳಿದದ್ದು ಬರೀ ನೇರ ದಾರಿ, ಅದು ನನ್ನದಲ್ಲ, ಅವಳದು. ಚೆಂಡನ್ನು ಗುದ್ದಿ ಅವಳಿಗೆ ದಾಟಿಸಿದೆ. ಅವಳನ್ನು ಹಿಡಿಯುವವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ಅವಳು ಒದ್ದ ಚೆಂಡು ಗೋಲಿನ ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ನೆಟ್ಟಗೆ ಹೋಯಿತು. ಈ ಆಟದಲ್ಲಿ ಒಂದು ಗೋಲಿಗೆ ಆರು ಅಂಕ. ಆ ಗೋಲಿನಿಂದ ನಾವು ಮುಂದಾದೆವು, ಅದೇ ಅಂತರದಲ್ಲಿ ಗೆದ್ದೆವು.

ಚೆಂಡು ದಾಟಿಸುವಾಗ ನಾನು "ಖೋ" ಎಂದು ಕೂಗಿದೆನೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ಗಂಡ ಇಲ್ಲವೆನ್ನುತ್ತಾನೆ, ಕೂಗಿದ್ದು ತಾನಂತೆ, ಮೆಸಯೀದ್‌ನವರೆಲ್ಲ ಸಾಕ್ಷಿಯಂತೆ. ಗೆಳತಿ ನಮ್ಮಿಬ್ಬರಿಗೂ ಮೊದಲೇ ತಾನು ಕೂಗಿದ್ದೆನೆನ್ನುತ್ತಾಳೆ. ನರ್ಸ್‌ನ ಕೇಳಿದರೆ, ಆ ಶಬ್ದ ಕೇಳಿಸಿದ್ದು ನಿಜ, ಎಲ್ಲ ಕಡೆಯಿಂದಲೂ ಕೇಳಿಸಿತು ಎಂದಳು. ಈಗ ನಮ್ಮ ತಂಡದಲ್ಲಿ ಚೆಂಡು ದಾಟಿಸುವವರೆಲ್ಲ ಹಾಗೇ ಕೂಗುತ್ತಾರೆ.

ಮೊನ್ನೆ ಹಾಸ್ಟೆಲ್ ಗುಂಪಿನಲ್ಲಿ ಆ ಫೋಟೋ ಮತ್ತೆ ಬಂತು, ಜಡೆಯ ಜಗಳವೂ ಬಂತು. ಯಾರದಾದರೂ ಆಗಿರಲಿ ಎಂದು ಬರೆದೆ. ಕೂಗೂ ಯಾರದಾದರೂ ಆಗಿರಲಿ. ಚೆಂಡು ಹೋದದ್ದು ನನ್ನ ಕೈಯಿಂದ. ಅದಕ್ಕೆ ಯಾರ ತಕರಾರೂ ಇಲ್ಲ.