ಆಲಾಕು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ನಮ್ಮ ತಾಳವಾಡಿ ಕಡೆ ಬೇಸಿಗೆಯಲ್ಲಿ ಆಡು ಸಾಕಿರಲಾರರು. ನೆಲಕ್ಕೆ ಬಿದ್ದು ಕಾಲಿಗೆ ಸಿಕ್ಕಿದ ಸೊಪ್ಪನ್ನು ನಮ್ಮ ಆಡುಗಳು ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೇ ಅವ್ವ ಕೊಂಬೆಗಳನ್ನು ಸೂರಿನ ತೊಲೆಗೆ ತಲೆಕೆಳಗಾಗಿ ಕಟ್ಟುತ್ತಿದ್ದಳು. ಕೂಲಿಯಿಂದ ಬರುವಾಗ ಮಡಿಲ ತುಂಬ ಜಾಲಿಕಾಯಿ ಆರಿಸಿ ತಂದು, ಒಣಗಿಸಿ, ಗೋಣಿಚೀಲದಲ್ಲಿಡುತ್ತಿದ್ದಳು. ಹುರುಳಿ ಬಡಿದ ಕಣದವರು ಬೇಡವೆಂದ ಹೊಟ್ಟೂ ನಮ್ಮ ಮನೆಗೇ ಬರುತ್ತಿತ್ತು. ಆಡುಗಳಿಗೆಂದು ಅವಳು ಅಂಗಡಿಯಿಂದ ತಂದದ್ದು ಉಪ್ಪು ಮಾತ್ರ ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ಹಗ್ಗವನ್ನೂ ತಂದಿರಬಹುದು. ಬಡತನವನ್ನು ನೆನೆಯುವಾಗ ಅದನ್ನು ಇದ್ದದ್ದಕ್ಕಿಂತ ಅಂದಗೊಳಿಸುವ ಚಾಳಿ ನನಗಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ನನ್ನ ‘ಅಳ್ಳಿ’ಗೂ ‘ಒಲ’ಕ್ಕೂ ಹಾಸ್ಟೆಲಿನವರು ನಕ್ಕು ನಕ್ಕು ಹಕಾರ ಕಲಿಸಿದ್ದರು. ಕಲಿತದ್ದು ಅಳತೆ ಮೀರಿತ್ತು. ಅವ್ವನ ಮಾತನ್ನು ದಿನಚರಿಗೆ ಇಳಿಸುವಾಗ ಹಕಾರ ಬಿಟ್ಟುಹೋದಲ್ಲೆಲ್ಲ ಸೇರಿಸಿಯೇ ಬರೆಯುತ್ತಿದ್ದೆ.

ಆಗ ಒಂದು ಆಡು ಎರಡು ಮರಿ ಹಾಕಿ ತಿಂಗಳು ದಾಟಿತ್ತು. ದೊಡ್ಡ ಮರಿ ಸೊಪ್ಪು ಕಡಿಯುತ್ತಿತ್ತು. ಚಿಕ್ಕದು ಬಡಕಲು, ತಾಯಿಯ ಹಾಲೇ ಅದರ ಆಧಾರ. ಬೇಸಿಗೆಯಲ್ಲಿ ಹಾಲೋ, ಎರಡಕ್ಕೆ ಸಾಲದು; ಅವ್ವ ಮರಿಗಳನ್ನು ತಾಯಿಯಿಂದ ಬೇರೆ ಕಟ್ಟುತ್ತಿದ್ದಳು. ಅಷ್ಟರಲ್ಲಿ ಅಕ್ಕನ ಮಗುವಿಗೆ ಜ್ವರವೆಂದು ಸುದ್ದಿ ಬಂತು. ಅವ್ವ ಚಾಮರಾಜನಗರದ ಬಸ್ಸಿಗೆ ಹೊರಟಳು.

“ಬೆಳಿಗ್ಗೆ ಎಲ್ಲಕ್ಕೂ ಒಂದೊಂದ್ ಇಡಿ ಜಾಲಿಕಾಯಿ. ಮಧ್ಯಾನ ಉರುಳಿ ಒಟ್ಟು. ಸಂಜೆ ದೊಡ್ಡ ಮರಿಗೆ ಆಲಾಕು, ಆಮೇಲೆ ಚಿಕ್ಕದ್ನ ತಾಯ್ಗೆ ಬುಡು. ತಿಳೀತೇನ್ಲಾ?”

“ಬರ್ಕಂಡೆ ಕಣವ್ವ.”

“ಮೂರ್ ಮಾತ್ಗೆ ಬರ್ಕಳದೇನ್ಲಾ!”

ನಾನು ಬರೆದುಕೊಂಡದ್ದು: ‘ಸಂಜೆ ದೊಡ್ಡ ಮರಿಗೆ ಹಾಲು ಹಾಕುವುದು. ನಂತರ ಚಿಕ್ಕದನ್ನು ತಾಯಿಯ ಬಳಿ ಬಿಡುವುದು.’

ಹಾಗೆಯೇ ಮಾಡಿದೆ. ಸಂಜೆ ಬಟ್ಟಲಿಗೆ ಹಾಲು ಕರೆದು ದೊಡ್ಡದರ ಮುಂದಿಟ್ಟೆ. ಅದು ಚೆಲ್ಲಿ, ಉಳಿದದ್ದನ್ನು ನೆಕ್ಕಿತು. ಆಮೇಲೆ ಚಿಕ್ಕದನ್ನು ಬಿಟ್ಟರೆ ಅದು ಬರಿಗೆಚ್ಚಲಿಗೆ ತಲೆಯಿಂದ ಗುದ್ದಿ ಗುದ್ದಿ ಅರಚುತ್ತಿತ್ತು. ಆಡಿನ ಮರಿ ಅರಚದೆ ಇನ್ನೇನು ಮಾಡೀತು ಎಂದುಕೊಂಡು ಓದಲು ಕೂರುತ್ತಿದ್ದೆ. ಅವ್ವ ಗೋಡೆಗೊರಗಿಸಿ ಹೋಗಿದ್ದ ಆಲದ ಕೊಂಬೆಗಳನ್ನು ಮೊದಲ ದಿನವೇ ದೊಡ್ಡ ಆಡುಗಳಿಗೆ ಕಟ್ಟಿ ಮುಗಿಸಿದ್ದೆ.

ಐದನೆಯ ದಿನ ಪಕ್ಕದ ಮನೆಯ ಅಜ್ಜಿ ಎಲೆಗೆ ಸುಣ್ಣ ಕೇಳಲು ಬಂದಳು. ಚಿಕ್ಕ ಮರಿಯನ್ನು ಎತ್ತಿ ನೋಡಿದಳು.

“ಇದೇನ್ಲಾ, ಒಟ್ಟೆ ಬೆನ್ಗೆ ಅಂಟ್ಕಂಡದೆ! ಸಂಜೆ ಏನ್ಲಾ ಆಕ್ತಿದ್ದೀಯ?”

ದಿನಚರಿ ತೆರೆದು ಓದಿ, ಹಾಲಿನ ಬಟ್ಟಲನ್ನೂ ತೋರಿಸಿದೆ. ಅಜ್ಜಿ ಮೊದಲು ನಕ್ಕಳು.

“ಬಟ್ಲಲ್ಲೇನ್ಲಾ? ಮರಿಗೆ ಆಲ ಬುಡ್ತಾರೆ ಕಣ್ಲಾ. ಆಲ ಆಕದು ಬೆಕ್ಕಿಗೆ! ನಿಮ್ಮವ್ವ ಯೋಳಿದ್ದು ಆಲದ್ ಸೊಪ್ಪ.” ಆಮೇಲೆ ಮರಿಯ ಬಾಯಿಗೆ ಬೆರಳಿಟ್ಟು ನೋಡಿ ನಗು ನಿಲ್ಲಿಸಿದಳು. “ಚೀಪ್ತಾ ಇಲ್ವಲ್ಲಾ ಇದು.”

ದೊಡ್ಡದಕ್ಕೆ ಆಲದ ಸೊಪ್ಪು, ಚಿಕ್ಕದಕ್ಕೆ ಹಾಲು. ಇಷ್ಟೇ ಅವ್ವನ ಲೆಕ್ಕಾಚಾರ. ಆಲವೂ ಹಾಲೂ ನಮ್ಮಲ್ಲಿ ‘ಆಕು’ ಎಂಬುದರೊಂದಿಗೆ ಸೇರಿದರೆ ಒಂದೇ ಸದ್ದು. ಬೇರೆ ಮಾಡಿ ತೋರಿಸುವುದು ಕ್ರಿಯಾಪದ: ಮರಿಗೆ ಸೊಪ್ಪಾದರೆ ‘ಆಕು’, ಹಾಲಾದರೆ ‘ಬುಡು’. ಎಂ.ಎ. ಮಾಡಿದ ನನಗೆ ಅದು ಕೇಳಿಸಿರಲಿಲ್ಲ. ಅಥವಾ ಕೇಳಿಸಿಯೂ, ನಾನು ಬರೆದುಕೊಂಡದ್ದನ್ನೇ ನಂಬಿದೆನೇ?

ಆ ದಿನವಿಡೀ ಬಟ್ಟೆಯ ಚೂರನ್ನು ಹಾಲಿನಲ್ಲಿ ಅದ್ದಿ ಚಿಕ್ಕದರ ಬಾಯಿಗೆ ಹಿಂಡಿದೆ. ಒಂದಿಷ್ಟು ಒಳಗೆ ಹೋಯಿತು, ಬಹುಪಾಲು ನನ್ನ ಮುಂಗೈ ಮೇಲೆ ಹರಿಯಿತು.

ಮರುದಿನ ಅವ್ವ ಬಂದಳು. ನನ್ನ ನೆನಪಿನಲ್ಲಿ ಅವಳು ಬಾಗಿಲಿಗೆ ಬರುತ್ತಲೇ ಚಿಕ್ಕ ಮರಿ ತಾಯಿಯ ಹಿಂದೆ ತೂರಾಡುತ್ತ ಹೊರಗೆ ಬರುತ್ತದೆ, ಅದರ ಒಂದು ಕಿವಿ ಮಡಚಿಕೊಂಡಿದೆ. ನಡೆದದ್ದನ್ನು ಹೇಳಿದ ಮೇಲೆ ಅವ್ವ ಬೈಯದೆ, “ಬರ್ಕಂಡಿದ್ಯಲ್ಲ, ಬುಡು,” ಎನ್ನುತ್ತಾಳೆ. ಅವಳ ಆ ಮಾತಂತೂ ನಿಜ.

ಆದರೆ ದಿನಚರಿಯಲ್ಲಿರುವುದು ಬೇರೆ: ‘ಚಿಕ್ಕದು ಏಳಲಿಲ್ಲ. ಸಂಜೆ ಬಸ್ಸಿಗೆ ಅವ್ವ ಬಂದಳು.’

ಒಮ್ಮೆ ತಪ್ಪು ಬರೆದ ಪುಸ್ತಕ ಇನ್ನೊಮ್ಮೆಯೂ ತಪ್ಪಿರಬಹುದು ಎಂದು ಎಷ್ಟೋ ಸಲ ವಾದ ಹೂಡಿದ್ದೇನೆ. ಹಳೆಯ ಚಟದಂತೆ ಒಂದು ಹಕಾರ ಸೇರಿಸಿ, ‘ಚಿಕ್ಕದು ಹೇಳಲಿಲ್ಲ’ ಎಂದೂ ಓದಿ ನೋಡಿದ್ದೇನೆ. ಅದು ಸುಳ್ಳು. ಪ್ರತಿ ಸಂಜೆಯೂ ಅದು ಹೇಳುತ್ತಲೇ ಇತ್ತು.