ಲೋಳೆಯ ಗುಟ್ಟು ಬಲ್ಲ ಬಾಟಲಿ ಅಕ್ಕ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಕಾರಿಡಾರಿನಲ್ಲಿ ಇನ್ನೂ ಯಾರೂ ದೀಪ ಹಾಕಿಲ್ಲ. ಕೊನೆಯ ಕೋಣೆಯಿಂದ ಮಾತ್ರ ನಲ್ಲಿಯ ಸದ್ದು, ಗಾಜಿನ ಕಿಣಿಕಿಣಿ, ಜೊತೆಗೆ ಒಂದಿಷ್ಟು ಬೈಗುಳ. "ಏನ್ ಹಂಗೆ ಅಂಟ್ಕೊಂಡಿದ್ಯಾ? ಬಿಡು ನನ್ನಪ್ಪಾ, ಸಾಕು!" ಬೈಸಿಕೊಳ್ಳುತ್ತಿರುವುದು ಬಾಟಲಿಯ ತಳದ ಲೋಳೆ. ಬೈಯುತ್ತಿರುವವರು ಬಾಟಲಿ ಅಕ್ಕ.

ಐವತ್ತೊಂಬತ್ತರ ಈ ಗಟ್ಟಿಗಿತ್ತಿಯನ್ನು ಇಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ದಿನಕ್ಕೆ ಇನ್ನೂರ ನಲವತ್ತು ಬಾಟಲಿ. ಆವಿಯಲ್ಲಿ ಬೇಯಿಸಿ, ಸೋಪು ಹಾಕಿ ಉಜ್ಜಿ, ಮೂರು ಸಲ ನಲ್ಲಿ ನೀರಿನಲ್ಲಿ, ಎರಡು ಸಲ ಭಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, ಆಮೇಲೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಮೊದಮೊದಲು ಗ್ಲೌಸ್ ಕೊಡುತ್ತಿರಲಿಲ್ಲ. ಕೈ ಸುಲಿದು, ಉಪ್ಪು ಮುಟ್ಟಿದರೆ ಜೀವ ಹೋದಂತಾಗುತ್ತಿತ್ತು. ಆಗ ಮನೆಯ ಪಾತ್ರೆಗಳು ಗಂಡನ ಪಾಲಿಗೆ ಬಂದವು. ಗ್ಲೌಸ್ ಬಂದ ಮೇಲೂ ಅಲ್ಲೇ ಉಳಿದವು. "ನಾನು ತೊಳೆದ ಲೋಟಾನ ಬಲ್ಬಿಗೆ ಹಿಡಿದು ನೋಡ್ತಾಳೆ. ಇನ್ಸ್‌ಪೆಕ್ಟರ್ ಜೊತೆ ಸಂಸಾರ ನಂದು" ಎಂದು ದರ್ಜಿಯಾಗಿದ್ದ ಪತಿ ನಗುತ್ತಾರೆ.

ಕೆರೆ, ಹೊಳೆಯ ನೀರಿನ ಬ್ಯಾಕ್ಟೀರಿಯಾಗಳು ಗುಂಪುಗೂಡಿ, ಲೋಳೆ ಕಟ್ಟಿಕೊಂಡು ಕಲ್ಲಿಗೂ ಪೈಪಿಗೂ ಅಂಟುತ್ತವೆ. ಅವನ್ನು ಕೊಲ್ಲುವ ವೈರಸ್‌ಗಳೂ ಅದೇ ನೀರಿನಲ್ಲಿವೆ. ಇಲ್ಲಿನ ಯುವ ಸಂಶೋಧಕಿಯೊಬ್ಬರು ಹತ್ತು ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಐದಕ್ಕೆ ಮಾತ್ರ ವೈರಸ್ ಬಿಟ್ಟು ಹನ್ನೊಂದು ವಾರ ಕಾದರು. ವೈರಸ್ ಬಿಟ್ಟಲ್ಲಿ ಲೋಳೆ ಕರಗಬೇಕಿತ್ತು. ಆದದ್ದು ಉಲ್ಟಾ, ಅಲ್ಲೇ ಲೋಳೆ ದಪ್ಪಗೆ ಕೂತಿತ್ತು. "ಬಾಟಲಿ ಮೇಲಿನ ಚೀಟಿ ಅದಲುಬದಲಾಗಿದೆ, ಎಲ್ಲಾ ಚೆಲ್ಲಿಬಿಡಿ" ಎಂದರು ಪ್ರಯೋಗಾಲಯದ ಮುಖ್ಯಸ್ಥರು. ಹನ್ನೊಂದು ವಾರದ ದುಡಿಮೆ ನೀರುಪಾಲಾಗುವುದರಲ್ಲಿತ್ತು. ಸಂಶೋಧಕಿ ಅಳುಮುಖ ಮಾಡಿಕೊಂಡು ಟ್ರೇ ತಂದು ಸಿಂಕಿನ ಪಕ್ಕ ಇಟ್ಟರು.

ಬಾಟಲಿ ಅಕ್ಕ ಚೀಟಿಯ ಕಡೆ ಕಣ್ಣೂ ಹಾಯಿಸಲಿಲ್ಲ, ಬಾಟಲಿಯ ಮೈ ನೋಡಿದರು. ಅವರ ಪಾಲಿಗೆ ಬ್ರಷ್ಷಿನ ಗೀರು ಬಿದ್ದು ಮಂಕಾದ ಬಾಟಲಿಗಳು 'ಅಜ್ಜಿಯರು', ಹೊಸ ಪೆಟ್ಟಿಗೆಯವು 'ಸೊಸೆಯರು'.

"ತಡೀರಿ ತಾಯಿ, ಅಳಬೇಡಿ. ಹೊಸ ಪೆಟ್ಟಿಗೇಲಿ ಐದೇ ಉಳಿದಿತ್ತು. ವೈರಸ್ಸಿಗೆ ಅಂತ ಆ ಐದು ಸೊಸೇರನ್ನ ನಾನೇ ಕೈಯಾರೆ ಕೊಟ್ಟಿದ್ದೆ. ಉಳಿದದ್ದೆಲ್ಲ ಅಜ್ಜೀರು. ಈಗ ನೋಡಿ, ಲೋಳೆ ದಪ್ಪಗಿರೋದು ಸೊಸೇರ ಹೊಟ್ಟೇಲಿ. ಚೀಟಿ ಬದಲಾಗ್ಬಹುದು, ಗೀರು ಬದಲಾಗುತ್ತಾ? ಅದೂ ಅಲ್ದೆ ಲೋಳೆ ಯಾವಾಗ್ಲೂ ಜಾಸ್ತಿ ಹಿಡ್ಕೊಳ್ಳೋದು ಗೀರು ಬಿದ್ದ ಅಜ್ಜೀರನ್ನ. ಮೂವತ್ತು ವರ್ಷದಿಂದ ಉಜ್ತಿದ್ದೀನಿ, ನಂಗೊತ್ತಿಲ್ವಾ?"

ಮುಖ್ಯಸ್ಥರು ಬಂದು ಗೀರು ನೋಡಿದರು, ತಲೆ ಕೆರೆದುಕೊಂಡರು. ಮತ್ತೆ ಮೂರು ಸಲ, ಎಲ್ಲವೂ ಹೊಸ ಬಾಟಲಿಗಳಲ್ಲೇ, ಪ್ರಯೋಗ ನಡೆಯಿತು. ಮೂರು ಸಲವೂ ಅದೇ ಫಲಿತಾಂಶ. ವೈರಸ್ಸಿನ ಕೈಗೆ ಸಿಕ್ಕ ಬ್ಯಾಕ್ಟೀರಿಯಾಗಳು ಸತ್ತವು, ಉಳಿದವು ಒಂದಕ್ಕೊಂದು ಒತ್ತಿಕೊಂಡು ಮೊದಲಿಗಿಂತ ದಪ್ಪ ಲೋಳೆ ಹೊದ್ದು ಕೂತವು. ಸಂಶೋಧಕಿ ಕುಣಿದಾಡಿಬಿಟ್ಟರು. "ಅಕ್ಕ ಬಾಯಿ ಬಿಡದೇ ಇದ್ದಿದ್ರೆ ನನ್ನ ಕೆಲಸ ಮೋರಿ ಸೇರ್ತಿತ್ತು" ಎನ್ನುತ್ತಾರೆ. ಅಕ್ಕನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. "ಹೆದರಿಕೆ ಆದ್ರೆ ನಾವೂ ಒಂದೇ ಕಂಬಳಿ ಒಳಗೆ ನುಗ್ಗಲ್ವಾ?"

ಮುಂದಿನ ತಿಂಗಳು ಅವರ ನಿವೃತ್ತಿ. ಉಡುಗೊರೆ ಏನು ಬೇಕು ಎಂದು ಪ್ರಯೋಗಾಲಯದವರೆಲ್ಲ ದುಂಬಾಲು ಬಿದ್ದಿದ್ದಾರೆ. ಅಕ್ಕ ಗ್ಲೌಸ್ ಕಳಚಿ ಕಿಟಕಿಕಟ್ಟೆಯತ್ತ ಕೈ ತೋರಿಸುತ್ತಾರೆ. ಅಲ್ಲಿದ್ದಾಳೆ, ಆವಿಯಲ್ಲಿ ಬೆಂದು, ಒಣಗಿ, ಬಿರಡೆ ಹಾಕಿಸಿಕೊಂಡು ನಿಂತ, ಆ ಐವರಲ್ಲಿ ಒಬ್ಬ ಸೊಸೆ. ಒಳಮೈಗೆಲ್ಲ ಬೂದುಬಣ್ಣದ ಲೋಳೆಯ ಪದರ.

"ಲಕ್ಷಗಟ್ಲೆ ಬಾಟಲಿ ತೊಳೆದೆ, ಒಂದರಲ್ಲೂ ಕಲೆ ಬಿಟ್ಟಿಲ್ಲ" ಎನ್ನುತ್ತಾರೆ, ಮುಖದ ತುಂಬ ನಗು. "ನಾನು ಹೋದ್ಮೇಲೆ ಇದೊಂದನ್ನ ಮಾತ್ರ ಯಾರೂ ತೊಳೀಬೇಡಿ."